ಹುಳುಗಳಿಗೆ ಕಟ್ಟಿದ ಬುತ್ತಿ

ಹುಡುಗಿಯರ ಹಾಸ್ಟೆಲ್, ತೂನಿಸ್
9 ಏಪ್ರಿಲ್ 1979

ಪ್ರೀತಿಯ ಮಹ್ಬೂಬಾ ಅತ್ತೆಗೆ ನಜೀಹಾಳ ಸಲಾಮು.

ಈ ಕಾಗದ ಓದಿಸಿಕೊಳ್ಳುವ ಮೊದಲು, ಇದರ ಜೊತೆ ಬಂದಿರುವ ಡಬ್ಬಿಯನ್ನು ಬಿಸಿಲಿನಿಂದ ಎತ್ತಿ ನೆರಳಿಗಿಡು. ಇಟ್ಟೆಯಾ? ಸರಿ, ಈಗ ಮುಂದೆ ಓದಲಿ. ಸಿ ತಿಜಾನಿ, ಪೋಸ್ಟ್‌ಮಾಸ್ಟರ್ ಆದ ನೀವೇ ಇದನ್ನು ಅತ್ತೆಗೆ ಓದಿ ಹೇಳುತ್ತೀರಿ ಅಂತ ಗೊತ್ತು. ದಯವಿಟ್ಟು ಡಬ್ಬಿಯ ಮೇಲೆ ಮುದ್ರೆ ಗುದ್ದಬೇಡಿ. ಒಳಗೆ ಜೀವ ಇದೆ.

ಹೌದು ಅತ್ತೆ, ಟಪಾಲಿನಲ್ಲಿ ಜೀವ ಕಳಿಸಿದ್ದೇನೆ!

ಆದದ್ದು ಇಷ್ಟು. ಹೋದ ವಾರ ಮೇಡಂ ಲಮಿಯಾ ಕ್ಲಾಸಿಗೆ ಒಂದು ಖರ್ಜೂರದ ಗರಿ ತಂದರು. ಗರಿಯ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಬಿಳಿ. "ಇದನ್ನು ಕಣ್ಣಾರೆ ನೋಡಿದವರು ಯಾರಾದರೂ ಇದ್ದೀರಾ?" ಅಂದರು. ಅಕ್ಟೋಬರಿನಿಂದ ಕ್ಲಾಸಿನಲ್ಲಿ ಬಾಯಿ ಬಿಡದ ನನ್ನ ಕೈ, ಅದೇನಾಯಿತೋ, ತಾನಾಗಿಯೇ ಮೇಲಕ್ಕೆ ಹೋಯಿತು. "ನಮ್ಮ ಅರೂಸಾಗೆ ಇದೇ ಆಗಿದೆ ಮೇಡಂ" ಅಂದುಬಿಟ್ಟೆ. ಇಡೀ ಕ್ಲಾಸು ಗೊಳ್ಳೆಂದಿತು. ಹಿಂದಿನ ಬೆಂಚಿನಿಂದ ಒಬ್ಬ, "ಯಾರ ಮದುಮಗಳಮ್ಮ ಅದು? ನಿಮ್ಮಣ್ಣಂದಾ?" ಅಂದ. ಕಿವಿ ಸುಟ್ಟುಹೋಯಿತು. ನಿನ್ನ ಮದುವೆಯ ದಿನ ಅಜ್ಜಿ ನೆಟ್ಟ ಮರ, ಅದಕ್ಕೇ 'ಮದುಮಗಳು' ಅನ್ನುವ ಆ ಹೆಸರು ಅಂತ ಹೇಳಹೊರಟರೆ ನಗು ಇನ್ನೂ ಜೋರಾಯಿತು.

ಆದರೆ ಮೇಡಂ ನಗಲಿಲ್ಲ. ಕ್ಲಾಸು ಮುಗಿದ ಮೇಲೆ ನನ್ನನ್ನು ಲ್ಯಾಬಿಗೆ ಕರೆದರು. ಆ ಬಿಳಿ ಹಿಟ್ಟಿನ ಒಂದೊಂದು ಕಣವೂ ಗರಿಯ ರಸ ಹೀರುವ ಹುಳವಂತೆ. ಅದನ್ನೇ ತಿಂದು ಬದುಕುವ ಗುಲಗಂಜಿ ಹುಳುಗಳು ಅವರ ಹತ್ತಿರ ಇವೆ. ಅವೂ ಇರಾನ್ ಕಡೆಯಿಂದ ಟಪಾಲಿನಲ್ಲೇ ಬಂದವು. ದಾರಿಯಲ್ಲಿ ಮುಕ್ಕಾಲು ಪಾಲು ಸತ್ತು, ಉಳಿದವು ಗಾಜಿನ ಜಾಡಿಯಲ್ಲಿ ಸಂಸಾರ ಹೂಡಿವೆ. ಆ ಜಾಡಿಗಳು ಈಗ ನನ್ನ ಕೈಯಲ್ಲಿ! "ಒಂದು ಹಿಡಿ ನಿನ್ನ ಅರೂಸಾಗೆ ಕಳಿಸು. ಅಲ್ಲಿ ನೆಲೆ ನಿಂತರೆ ಇಡೀ ಓಯಸಿಸ್ಸಿಗೆ ಕಳಿಸೋಣ" ಅಂದರು.

ಪೋಸ್ಟ್ ಆಫೀಸಿನ ಗುಮಾಸ್ತನ ಮುಖ ನೀನು ನೋಡಬೇಕಿತ್ತು.

"ಒಳಗೇನಿದೆ?"

"ಹುಳ ಸರ್."

"ಸತ್ತಿರೋದಾ?"

"ಬದುಕಿರೋದು ಸರ್."

"ಕಚ್ಚತ್ತಾ?"

"ಇಲ್ಲ ಸರ್. ಬಹಳ ಒಳ್ಳೇವು."

ಡಬ್ಬಿಗೆ ಕಿವಿಯಿಟ್ಟ. ಕಣ್ಣು ಅಗಲವಾಯಿತು. "ಒಳಗೆ ಯಾರೋ ಬೇಳೆ ಆರಿಸ್ತಾ ಕೂತಿದಾರಲ್ಲಮ್ಮ!" ಅಂದು ಪಕ್ಕದ ಕೌಂಟರಿನವನನ್ನೂ ಕರೆದು ಕೇಳಿಸಿದ. ಸಾಲಿನಲ್ಲಿದ್ದ ಒಬ್ಬ ಮುದುಕ ತಾನೂ ಕೇಳಬೇಕೆಂದ. ಹೀಗೆ ಆರೇಳು ಜನರ ಕಿವಿಗೆ ಬಿದ್ದು ನಿನ್ನ ಡಬ್ಬಿ ಹೊರಟಿದೆ.

ಸಂಜೆ ಬಿಸಿಲು ಇಳಿದ ಮೇಲೆ ಅರೂಸಾಳ ಗರಿಗಳ ಬುಡದಲ್ಲಿ ಡಬ್ಬಿ ಬಿಚ್ಚು. ತೋಟದಲ್ಲಿ ಹೊಗೆ ಹಾಕಬೇಡ. ಅವು ಮೊಟ್ಟೆ ಇಡುತ್ತವೆ. ಅವಕ್ಕಿಂತ ಅವುಗಳ ಮಕ್ಕಳು ಹೊಟ್ಟೆಬಾಕರು, ನಿಜವಾದ ಕೆಲಸ ಮಾಡುವುದು ಆ ಮಕ್ಕಳೇ. ಮಕ್ಕಳು ಕಂಡ ದಿನವೇ ನನಗೆ ಬರೆಸು. ಪ್ಲೀಸ್ ಅತ್ತೆ, ಅದೇ ದಿನ.

ನಿನ್ನ
ನಜೀಹಾ

*

ಅಂಚೆ ಕಚೇರಿ, ಐನ್ ತರ್ಫಾ
14 ಏಪ್ರಿಲ್ 1979

ಚಿರಂಜೀವಿ ನಜೀಹಾಗೆ ಆಶೀರ್ವಾದಗಳು. ಬರೆಯುತ್ತಿರುವವನು ತಿಜಾನಿ, ಹೇಳುತ್ತಿರುವವಳು ನಿನ್ನ ಅತ್ತೆ. ಅವಳ ಮಾತನ್ನು ತಿದ್ದದೆ ಬರೆಯುತ್ತೇನೆ. ತಿದ್ದಿದರೆ ಕೊನೆಗೆ ಓದಿಸಿಕೊಂಡು ಹಿಡಿದುಬಿಡುತ್ತಾಳೆ. ಕಂಸದೊಳಗಿನದು ಮಾತ್ರ ನನ್ನದು.

ಡಬ್ಬಿ ಬಂತು ಕಣೇ! ಬುಧವಾರದ ಬಸ್ಸಲ್ಲಿ ಬಂತು. ಈ ತಿಜಾನಿ ತಲೆ ಮೇಲೆ ಟೋಪೀನೂ ಇಲ್ದೆ ನಮ್ಮನೆ ಬಾಗಿಲಿಗೆ ಓಡಿ ಬಂದ. ಇಷ್ಟು ವರ್ಷದಲ್ಲಿ ಈ ಮನುಷ್ಯ ಓಡಿದ್ದನ್ನ ನಾನು ನೋಡಿರಲಿಲ್ಲ. (ಓಡಲಿಲ್ಲ. ಬೇಗ ನಡೆದೆ.) "ಮಹ್ಬೂಬಾ, ನಿನ್ನ ಟಪಾಲು ಕೆರೀತಿದೆ!" ಅಂದ. ನಾನು ಒಲೆ ಮುಂದೆ ಇದ್ದೆ, ಕೈಯೆಲ್ಲ ಹಿಟ್ಟು. "ಹಶ್ಮಿ ಹೆಂಗೂ ತೋಟಕ್ಕೆ ಹೊರಟಿದಾನೆ, ಅವನ ಕೈಲಿ ಕೊಟ್ಟುಬಿಡು" ಅಂದ್ರೆ ಕೇಳಬೇಕಲ್ಲ! "ತಮ್ಮನಿಗೂ ಇಲ್ಲ, ತಂದೆಗೂ ಇಲ್ಲ. ವಿಳಾಸದಾರರು ಬದುಕಿರೋ ತನಕ ಟಪಾಲು ಅವರ ಕೈಗೇ ಸೇರಬೇಕು" ಅಂತ ಭಾಷಣ. (ಅದು ಭಾಷಣವಲ್ಲ, ನಿಯಮ.) ಹಿಟ್ಟಿನ ಕೈಲೇ ಹೆಬ್ಬೆಟ್ಟು ಒತ್ತಿಸಿಕೊಂಡ.

ಸಂಜೆ ಅರೂಸಾ ಹತ್ರ ಬಿಚ್ಚಿದ್ವಿ. ಅಯ್ಯೋ, ಎಷ್ಟು ಚೆಂದ ಇದಾವೆ! ಕಡುಕಂದು ಬಣ್ಣ, ಬೆನ್ನ ಮೇಲೆ ಕೆಂಪು ಚುಕ್ಕೆ, ಎಣ್ಣೆ ಹಚ್ಚಿದ ಹಾಗೆ ಮಿಂಚು. ಒಂದೊಂದಾಗಿ ಗರಿ ಹತ್ತಿದ್ವು. ಹಶ್ಮಿ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತ. "ಏನಕ್ಕಾ, ಮರಕ್ಕೆ ಒಡವೆ ಹಾಕ್ತಿದೀಯಾ?" ಅಂದ. "ನಿನ್ನ ಹೆಂಡ್ತಿಗೆ ನೀನು ಹಾಕಿದ್ದಕ್ಕಿಂತ ಜಾಸ್ತೀನೇ" ಅಂದೆ. ಒಂದು ಹುಳ ತಿಜಾನಿ ಕಾಲರ್ ಒಳಗೆ ಹೋಯ್ತು. ಅದು ತಾನಾಗೇ ಈಚೆ ಬರೋ ತನಕ ಮರದ ಕಂಬದ ಹಾಗೆ ನಿಂತಿದ್ದ, ಪಾಪ, ಉಸಿರೂ ಬಿಡಲಿಲ್ಲ. (ಸರ್ಕಾರಿ ಟಪಾಲಿಗೆ ಹಾನಿಯಾಗಬಾರದೆಂದು.)

ಮಕ್ಕಳು ಬರ್ಲಿ, ಅವತ್ತೇ ಬರೆಸ್ತೀನಿ. ಸಾಸಿವೆ ಕಾಳಿನಷ್ಟು ಪುಟಾಣಿ ಗುಲಗಂಜಿಗಳು, ಬೆನ್ನ ಮೇಲೆ ಕಾಣೋದೋ ಇಲ್ವೋ ಅನ್ನೋ ಅಂಥ ಚುಕ್ಕೆ. ಈಗ್ಲೇ ಕಣ್ಣಿಗೆ ಕಟ್ಟಿದ ಹಾಗಿದೆ. ಇಲ್ಲಿ ಎಲ್ಲ ಸುಖ. ಯಾವ ಯೋಚನೇನೂ ಇಲ್ಲ. ನೀನು ಹೊಟ್ಟೆ ತುಂಬ ತಿನ್ನು.

(ಅವಳು ಮೇಕೆಗೆ ನೀರಿಡಲು ಹೋದಳು. ಬರೆಯಬೇಡ ಅಂದಿದ್ದಾಳೆ, ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಹಶ್ಮಿ ಮರದಿಂದ ಲಗ್ಮಿ ರಸ ಇಳಿಸುವ ಬೂಬಕ್ಕರನಿಗೆ ಹೇಳಿಬಿಟ್ಟಿದ್ದಾನೆ. ಮೇ 21, ಸೋಮವಾರ ಅರೂಸಾಳ ಸರದಿ. "ಹಣ್ಣು ಕೊಡದ ಮರ ರಸವನ್ನಾದರೂ ಕೊಡಲಿ" ಎನ್ನುತ್ತಾನೆ. ತಲೆ ಕಡಿದರೆ ಒಂದು ಬೇಸಿಗೆ ಲಗ್ಮಿ ಸುರಿದೀತು, ಆಮೇಲೆ ಬರಿಯ ಕಂಬ. ತೋಟ ಇಬ್ಬರದೂ, ಅವಳೊಬ್ಬಳ ಮಾತು ನಡೆಯುವುದಿಲ್ಲ. ಗುಲಗಂಜಿಗಳಿಂದ ಗುಣ ಕಂಡರೆ ನಿಲ್ಲಿಸುತ್ತೇನೆ ಅಂತ ಮಾತ್ರ ಒಪ್ಪಿದ್ದಾನೆ.)

*

ತೂನಿಸ್
23 ಏಪ್ರಿಲ್ 1979

ಪ್ರೀತಿಯ ಅತ್ತೆಗೆ,

(ಸಿ ತಿಜಾನಿ, ಸಣ್ಣ ಅಕ್ಷರ ಓದಿದೆ. ಈ ಕಂಸವನ್ನು ಜೋರಾಗಿ ಓದಬೇಡಿ. ಹೇಗಾದರೂ ಮಾಡಿ ಚಿಕ್ಕಪ್ಪನನ್ನು ತಡೆಯಿರಿ.)

ನಿನ್ನ ಕಾಗದ ಹಾಸ್ಟೆಲಿನ ಮೆಟ್ಟಿಲ ಮೇಲೇ ನಿಂತು ಓದಿದೆ, ರೂಮಿಗೆ ಹೋಗುವ ತನಕ ತಡೆಯಲಾಗಲಿಲ್ಲ. ಲ್ಯಾಬಿನಲ್ಲೂ ಓದಿ ಹೇಳಿದೆ. ಕಾಲರಿನ ಭಾಗ ಬಂದಾಗ ಮೇಡಂ ಲಮಿಯಾ ನಕ್ಕು ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಈಗ ನನಗೆ "ಐನ್ ತರ್ಫಾ ಶಾಖೆ" ಅಂತಲೇ ಹೆಸರು. "ಶಾಖೆ ಬಂತಾ?" ಅಂತಾರೆ. ಹಿಂದಿನ ಬೆಂಚಿನವನು ನಿನ್ನೆ ನೋಟ್ಸ್ ಕೇಳಿದ. ನೋಟ್ಸ್, ನನ್ನ ಹತ್ತಿರ!

ವೈವಾದಲ್ಲಿ ಬೇರೆಯವರಿಗೆ ಇಡೀ ಪುಸ್ತಕದಿಂದ ಪ್ರಶ್ನೆ, ನನಗೆ ಅರೂಸಾಳ ಬಗ್ಗೆ ಮಾತ್ರ ಅಂತ ಮೇಡಂ ಹೇಳಿದ್ದಾರೆ. ಕೇಳಿ ಖುಷಿಯಾಯಿತು, ಆಮೇಲೆ ಭಯವಾಯಿತು, ಈಗ ಎರಡೂ ಒಟ್ಟಿಗೇ ಇವೆ. ಪುಸ್ತಕವಾದರೆ ಉರು ಹೊಡೆಯಬಹುದು. ಅರೂಸಾ ಏನು ಮಾಡುತ್ತಾಳೋ ಯಾರಿಗೆ ಗೊತ್ತು!

ಹಾಸ್ಟೆಲಿನ ಊಟ ಅದೇ ಬೇಯದ ಕಡಲೆ. ಅಕ್ಟೋಬರಿನಲ್ಲಿ ನೀನು ಬಸ್ಸಿನ ಹಿಂದೆ ಓಡಿ ಬಂದು ಕಿಟಕಿಯಿಂದ ತುರುಕಿದ ಬುತ್ತಿ ನೆನಪಾಗುತ್ತದೆ. ಬೇಯಿಸಿದ ಮೊಟ್ಟೆ, ಬ್ಸೀಸಾ ಹಿಟ್ಟು, ಖರ್ಜೂರ. ಅವತ್ತು ನಾಚಿಕೆಯಾಗಿತ್ತು. ಆದರೆ ನಿನ್ನ ಹೊಸ್ತಿಲಿನಿಂದ ಬರಿಗೈಯಲ್ಲಿ ಹೋದವರು ಯಾರಿದ್ದಾರೆ? ದಂಡ ಹಾಕಲು ಬಂದ ನೀರಿನ ಇಲಾಖೆಯವನಿಗೂ ಮೊಟ್ಟೆ ಕಟ್ಟಿಕೊಟ್ಟವಳು ನೀನು.

ಮಕ್ಕಳು ಬಂದವಾ?

ನಿನ್ನ
ನಜೀಹಾ

*

ಐನ್ ತರ್ಫಾ
7 ಮೇ 1979

ನಜೀಹಾ, ನನ್ನ ಕಣ್ಣೇ,

ಹೇಗೆ ಹೇಳ್ಲಿ? ನಮ್ಮ ಗುಲಗಂಜಿಗಳನ್ನ ಏನೋ ತಿಂದುಬಿಟ್ಟಿದೆ.

ದಿನಾ ಬೆಳಿಗ್ಗೆ ಎದ್ದು ಪುಟಾಣಿಗಳು ಬಂದ್ವಾ ಅಂತ ನೋಡ್ತಿದ್ದೆ. ಗುಲಗಂಜಿಗಳು ದಿನಕ್ಕೆ ಒಂದೆರಡು ಕಡಿಮೆ ಆಗ್ತಾ ಬಂದ್ವು. ಅವುಗಳ ಜಾಗದಲ್ಲಿ ಬಂದಿದಾವೆ ನೋಡು, ದೇವರೇ, ಬಾಯಲ್ಲಿ ಹೇಳೋಕಾಗಲ್ಲ. ಮಣ್ಣಿನ ಬಣ್ಣ, ಮೈಯೆಲ್ಲ ಮುಳ್ಳು, ಮುಳ್ಳಿನ ಮೇಲೂ ಮುಳ್ಳು, ಆರು ಕಾಲಲ್ಲಿ ತೆವಳ್ತಾವೆ. ಮುಖ ಅನ್ನೋದೇ ಇಲ್ಲ. ಒಂದು ಗರೀಲಿ ಹತ್ತಿಪ್ಪತ್ತು! (ನಾನೂ ನೋಡಿದೆ. ಅತಿಶಯವಲ್ಲ.)

ಹಶ್ಮಿಗೆ ಹಬ್ಬ ಆಗೋಯ್ತು. "ಒಂದು ರೋಗ ಇತ್ತು, ನಮ್ಮಣ್ಣನ ಮಗಳು ಸ್ಟಾಂಪ್ ಹಚ್ಚಿ ಇನ್ನೊಂದು ಕಳಿಸಿದ್ಲು" ಅಂತ ಕಾಫಿ ಅಂಗಡೀಲೆಲ್ಲ ಹೇಳ್ಕೊಂಡು ಬಂದ. ನಿನ್ನ ಹೆಸರು ಎತ್ತಿದ್ದು ನನಗೆ ಸಹಿಸೋಕಾಗಲಿಲ್ಲ. ಓಣಿ ಹೆಂಗಸರನ್ನೆಲ್ಲ ಕರೆದೆ. ಏಣಿ ಹಾಕಿ, ಗರಿ ಗರಿ ಸವರಿ, ಒಂದನ್ನೂ ಬಿಡದೆ ಆರಿಸಿದ್ವಿ. ಬೈತಾ, ನಗ್ತಾ, ಹಾಡ್ತಾ ಆರಿಸಿದ್ವಿ. ಕೋಳಿಗಳಿಗೆ ಸುರೀಬೇಕು ಅಂತಿದ್ದೆ, ತಿಜಾನಿ ತಡೆದ. "ಇದು ಸಾಕ್ಷಿ, ಮಹ್ಬೂಬಾ. ಜೀವಂತ ಕಳಿಸೋಣ. ಮೇಡಂ ನೋಡಿ ಇದಕ್ಕೆ ಯಾವ ಔಷಧಿ ಅಂತ ಹೇಳ್ಲಿ" ಅಂದ. ಬಿಸ್ಕತ್ತಿನ ತಗಡಿನ ಡಬ್ಬೀಲಿ ತುಂಬಿದ್ವಿ. ಮುಚ್ಚಳಕ್ಕೆ ಮೊಳೆ ಹೊಡೆದು ಗಾಳಿಗೆ ತೂತು ಮಾಡಿದಾನೆ. ಇವತ್ತಿನ ಪಾರ್ಸೆಲ್ಲಲ್ಲಿ ಹೊರಟಿದೆ, ನಿಧಾನ ಬರತ್ತೆ.

ಮುಚ್ಚಳ ಹಾಕೋವಾಗ ಮನಸ್ಸು ತಡೀಲಿಲ್ಲ ಕಣೇ. ಅಷ್ಟು ದೂರದ ದಾರಿ. ಬಿಳಿ ಹಿಡಿದ ಗರಿ ನಾಲ್ಕು ಮುರಿದು ಒಳಗೆ ಇಟ್ಟೆ. ತಿಜಾನಿ ನಕ್ಕ. "ಕಳ್ಳನಿಗೂ ಬುತ್ತಿನಾ?" ಅಂದ. "ಕಳ್ಳನೋ ಸುಳ್ಳನೋ, ನನ್ನ ಮನೆಯಿಂದ ಪ್ರಯಾಣ ಹೊರಟಿದಾನೋ ಇಲ್ವೋ" ಅಂದೆ.

ಮರ ಒಂದು ತರ ಇದೆ. ಯೋಚನೆ ಮಾಡ್ಬೇಡ.

*

ತೂನಿಸ್
8 ಮೇ 1979

ಅತ್ತೆ! ಅರ್ಜೆಂಟ್! ಸಿ ತಿಜಾನಿ, ಊಟಕ್ಕೆ ಕೂತಿದ್ದರೂ ಎದ್ದು ಹೋಗಿ ಇದನ್ನು ಅತ್ತೆಗೆ ಓದಿ.

ಈಗ ತಾನೇ ಲ್ಯಾಬಿನಲ್ಲಿ ಜಾಡಿ ತೊಳೆಯುತ್ತಿದ್ದೆ. ನನ್ನನ್ನು ಕರೆಯಲು ಬಂದ ರೂಮ್‌ಮೇಟ್ ಸಿಹೆಮ್ ಜಾಡಿಯೊಳಗೆ ನೋಡಿ ಕಿಟಾರನೆ ಕಿರುಚಿದಳು. "ಇದೇನೇ ಪಿಶಾಚಿ?" ಅಂದಳು. "ಪಿಶಾಚಿಯಲ್ಲ, ಗುಲಗಂಜಿ ಮರಿ" ಅಂದೆ. ಅಂದ ಕೂಡಲೇ ಹೊಳೆಯಿತು. ಇದನ್ನು ನಾನು ನಿನಗೆ ಹೇಳಿಯೇ ಇಲ್ಲ!

ಅತ್ತೆ, ಮಕ್ಕಳು ತಾಯಿಯ ಹಾಗಿರುವುದಿಲ್ಲ. ಮುಳ್ಳು ಮುಳ್ಳಾಗಿರುತ್ತವೆ. ನೋಡಲು ಅಸಹ್ಯ. ನಾನು ದಿನಾ ನೋಡಿ ನೋಡಿ, ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡುಬಿಟ್ಟೆ. ಆ ಮುಳ್ಳಿನವೇ ಬಿಳಿ ಹುಳುವನ್ನು ಹಸಿದ ತೋಳಗಳ ಹಾಗೆ ತಿನ್ನುವುದು. ತಿಂದು ಕೊಬ್ಬಿ, ಗರಿಗೆ ಅಂಟಿಕೊಂಡು ನಿದ್ದೆ ಮಾಡಿ, ಎದ್ದಾಗ ಗುಲಗಂಜಿ ಆಗಿರುತ್ತವೆ.

ಮುಟ್ಟಬೇಡ. ಕೋಳಿಗಳನ್ನು ಕಟ್ಟಿಹಾಕು. ಯಾರನ್ನೂ ಹತ್ತಿರ ಬಿಡಬೇಡ. ನೀನು ಇನ್ನೂ ಏನೂ ಮಾಡಿಲ್ಲ ತಾನೇ?

ನಜೀಹಾ

*

ತೂನಿಸ್
11 ಮೇ 1979

ಅತ್ತೆ,

ನಿನ್ನ ಏಳನೇ ತಾರೀಖಿನ ಕಾಗದ ಇವತ್ತು ಬಂತು. ನನ್ನದು ನಿನಗೆ ನಿನ್ನೆಯೇ ಸೇರಿರಬೇಕು. ಎರಡೂ ದಾರಿಯಲ್ಲಿ ಎಲ್ಲೋ, ಬಹುಶಃ ಗಫ್ಸಾ ಸ್ಟೇಶನ್ನಿನಲ್ಲಿ, ಒಂದನ್ನೊಂದು ದಾಟಿಕೊಂಡು ಹೋಗಿವೆ.

ಒಂದನ್ನೂ ಬಿಡಲಿಲ್ಲವಾ? ಒಂದನ್ನೂ? ಅವೇ ಮಕ್ಕಳು, ಅತ್ತೆ. ದೊಡ್ಡವನ್ನು ಯಾವುದೂ ತಿಂದಿಲ್ಲ, ಮೊಟ್ಟೆ ಇಟ್ಟು ಹಾರಿಹೋಗಿರಬೇಕು. ಅವಕ್ಕೋಸ್ಕರವೇ ಇಷ್ಟೆಲ್ಲ. ಏನಾದರೂ ಮಾಡುವ ಮೊದಲು ಒಂದು ಮಾತು ಬರೆಸಿ ಕೇಳಬಾರದಿತ್ತೇ? ನಾಲ್ಕು ದಿನ ಕಾಯಬಾರದಿತ್ತೇ? ಊರಿನ ಹೆಂಗಸರನ್ನೆಲ್ಲ ಕೂಡಿಸಿ ಹಾಡು ಹೇಳಿಕೊಂಡು ನನ್ನ ಇಡೀ ಕೆಲಸವನ್ನು ಬಿಸ್ಕತ್ತಿನ ಡಬ್ಬಿಗೆ ತುಂಬಿಬಿಟ್ಟೆ. ಈ ಸೆಕೆಯಲ್ಲಿ, ತಗಡಿನೊಳಗೆ, ಪಾರ್ಸೆಲ್ ಬೋಗಿಯಲ್ಲಿ ವಾರಗಟ್ಟಲೆ ಏನು ಉಳಿಯುತ್ತದೆ? ಮೇಡಂಗೆ ಇನ್ನೂ ಹೇಳಿಲ್ಲ. ಇಪ್ಪತ್ತೊಂದನೇ ತಾರೀಖಿನ ಬೂಬಕ್ಕರನ ವಿಷಯವೂ ನನಗೆ ಗೊತ್ತು, ಮುಚ್ಚಿಡುವುದು ಬೇಡ.

ನಜೀಹಾ

*

ಐನ್ ತರ್ಫಾ
14 ಮೇ 1979

ನಜೀಹಾ,

ಎರಡು ಕಾಗದಾನೂ ಸೇರಿದ್ವು. ಎರಡನೇದನ್ನ ತಿಜಾನಿ ಓದೋವಾಗ ಎರಡು ಸಾಲು ಹಾರಿಸಿದ. ನನಗೆ ಗೊತ್ತಾಯ್ತು, ಮತ್ತೆ ಓದಿಸಿದೆ.

ಮಕ್ಕಳು ಹೇಗಿರ್ತಾವೆ ಅಂತ ನನಗೆ ಗೊತ್ತಾಗಲಿಲ್ಲ, ನಿಜ. ನಾನು ಹೆತ್ತವಳಲ್ಲ. ನಿನ್ನಮ್ಮ ಹೋದ ಮೇಲೆ ನೀನು ಹಾಸ್ಟೆಲಿಗೆ ಸೇರೋ ತನಕ ಸಾಕಿದೆ, ಅಷ್ಟೇ. ನೀನೂ ಮುಳ್ಳು ಮುಳ್ಳಾಗೇ ಇದ್ದೆ. ಎತ್ಕೊಂಡ್ರೆ ಪರಚ್ತಿದ್ದೆ. ಆಗಲೇ ನನಗೆ ತಿಳೀಬೇಕಿತ್ತು.

ಬೇರೇನಿಲ್ಲ.

(ದಿನಾ ಅರೂಸಾಳ ಬುಡದಲ್ಲಿ ಹೋಗಿ ಕೂರುತ್ತಾಳೆ. ಒಂದಾದರೂ ಉಳಿದಿದೆಯೇ ಎಂದು ಗರಿಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ. ನಾನೂ ಹೋಗಿ ನೋಡಿದೆ. ಇಲ್ಲ. ಮುಂದಿನ ಸೋಮವಾರ ಬೂಬಕ್ಕರ ಬರುವುದು ಖಂಡಿತ. ಡಬ್ಬಿ ಕಳಿಸೋಣ ಎಂದವನು ನಾನು. ಬೈಯುವುದಿದ್ದರೆ ನನ್ನನ್ನು ಬೈಯಿ.)

*

ತೂನಿಸ್
17 ಮೇ 1979

ಅತ್ತೆ, ನನ್ನ ಅತ್ತೆ, ನನ್ನ ಚಿನ್ನದಂಥ ಅತ್ತೆ!

ಎಲ್ಲಿಂದ ಶುರು ಮಾಡಲಿ! ಡಬ್ಬಿ ಬಂತು. ಇವತ್ತು ಬೆಳಿಗ್ಗೆ ಲ್ಯಾಬಿಗೆ ಬಂತು, ನೇರ ಮೇಡಂ ಕೈಗೆ. ವಿಳಾಸದಲ್ಲಿ ಅವರ ಹೆಸರೇ ಇತ್ತಲ್ಲ. "ಏನಿದು ಶಾಖೆ, ನಿಮ್ಮೂರಿಂದ ಬಿಸ್ಕತ್ತಾ?" ಅಂದರು. ಆಗ ಎಲ್ಲ ಹೇಳಿದೆ. ಒಂದೇ ಉಸಿರಿಗೆ, ನೆಲ ನೋಡಿಕೊಂಡು. ಏಣಿ, ಹೆಂಗಸರು, ಹಾಡು, ತಗಡು, ಮೊಳೆ, ಎಲ್ಲ. ಹಿಂದಿನ ಬೆಂಚಿನವನೂ ನಗಲಿಲ್ಲ. "ತೆಗಿ, ನೋಡೋಣ. ಸತ್ತಿದ್ರೂ ನೋಡಬೇಕಲ್ಲ" ಅಂದರು ಮೇಡಂ.

ಮುಚ್ಚಳ ಬಿಗಿಯಾಗಿತ್ತು, ಚಮಚದಿಂದ ಮೀಟಿದೆ. ಕಣ್ಣು ಮುಚ್ಚಿಕೊಂಡೇ ಮೀಟಿದೆ. ಟಪ್ಪಂತ ಬಿಟ್ಟಿತು. ಮೂಗಿನ ಮೇಲೆ ಏನೋ ಕೂತಂತಾಯಿತು. ಕಣ್ಣು ಬಿಟ್ಟರೆ, ಅತ್ತೆ, ಗುಲಗಂಜಿ!

ಮುಳ್ಳಿನವಲ್ಲ. ಗುಲಗಂಜಿಗಳು! ದಾರಿಯಲ್ಲೇ ನಿದ್ದೆ ಮಾಡಿ, ದಾರಿಯಲ್ಲೇ ಎದ್ದಿದ್ದಾವೆ! ಹೊಸದಾಗಿ, ಒದ್ದೆ ಒದ್ದೆಯಾಗಿ, ಹೊಳೆಯುತ್ತಾ, ಡಬ್ಬಿಯ ಅಂಚು ಹತ್ತಿ ಈಚೆ ಬರುತ್ತಿವೆ, ಬರುತ್ತಲೇ ಇವೆ, ನಾನು ಕಳಿಸಿದ್ದಕ್ಕಿಂತ ಎಷ್ಟೋ ಪಟ್ಟು! ಸಿಹೆಮ್ ಕಿರುಚಿದಳು, ನಾನೂ ಕಿರುಚಿದೆ. ಮೇಡಂ "ಕಿಟಕಿ ಮುಚ್ಚಿ! ಕಿಟಕಿ ಮುಚ್ಚಿ!" ಅಂತ ತಾವೇ ಓಡಿದರು. ಹಿಂದಿನ ಬೆಂಚಿನವನ ತಲೆಗೂದಲಲ್ಲಿ ಮೂರು. ಅಲ್ಲಾಡಬೇಡ ಅಂದರೆ ಸಿ ತಿಜಾನಿಯವರ ಹಾಗೆಯೇ ನಿಂತ.

ಆಮೇಲೆ ಮೇಡಂ ಡಬ್ಬಿಯ ತಳದಿಂದ ಒಂದು ಗರಿ ಎತ್ತಿದರು. ಬಿಳಿಯ ಸುಳಿವಿಲ್ಲ, ನೆಕ್ಕಿದ ತಟ್ಟೆಯ ಹಾಗೆ ಶುದ್ಧ. ನನ್ನ ಕಡೆ ತಿರುಗಿ, "ಈಗಲೇ ನಿನ್ನ ವೈವಾ. ಈ ಮರಿಗಳಿಗೆ ಹಸಿವಾದರೆ ಏನು ಮಾಡುತ್ತವೆ?" ಅಂದರು.

"ಒಂದನ್ನೊಂದು ತಿನ್ನುತ್ತವೆ ಮೇಡಂ."

"ಹತ್ತು ದಿನದ ದಾರಿ. ಒಂದೇ ಒಂದು ದಪ್ಪ ಹುಳ ಉಳಿಯಬೇಕಿತ್ತು. ಯಾಕೆ ತಿನ್ನಲಿಲ್ಲ?"

"ನಮ್ಮತ್ತೆ ಬುತ್ತಿ ಕಟ್ಟಿದ್ದಳು ಮೇಡಂ" ಅಂದೆ.

ಯಾರೋ ಕಿಸಕ್ಕೆಂದರು. ಮೇಡಂ ನಗಲೇ ಇಲ್ಲ. "ಸರಿಯಾದ ಉತ್ತರ" ಅಂದರು. ಹುಳು ಬಂದ ದೇಶದವರಿಗೆ ಈ ಬುತ್ತಿಯ ವಿಷಯ ತಾವೇ ಬರೆಯುತ್ತಾರಂತೆ. ಅವರು ಸಕ್ಕರೆ ನೀರು ಇಟ್ಟು ಕಳಿಸಿ ಮುಕ್ಕಾಲು ಪಾಲು ಸಾಯಿಸಿದರಲ್ಲ!

ಅತ್ತೆ, ಹನ್ನೊಂದನೇ ತಾರೀಖಿನ ನನ್ನ ಕಾಗದವನ್ನು ಒಲೆಗೆ ಹಾಕು. ಪ್ಲೀಸ್. ನೀನು ಎತ್ತಿಕೊಂಡಾಗ ಪರಚುತ್ತಿದ್ದೆ ಅಂದೆಯಲ್ಲ, ಆ ಸಾಲು ಓದಿ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ಹಾಸ್ಟೆಲಿನಲ್ಲಿ ಅಳಲು ಬೇರೆ ಜಾಗವೇ ಇಲ್ಲ.

ಈಗ ನೋಡು, ಎಲ್ಲವನ್ನೂ ವಾಪಸ್ ಕಳಿಸುತ್ತಿದ್ದೇನೆ. ಅದೇ ಡಬ್ಬಿ, ಲ್ಯಾಬಿನ ಗರಿಯ ಬುತ್ತಿ, ಎಕ್ಸ್‌ಪ್ರೆಸ್, ರಿಜಿಸ್ಟರ್ಡ್. ಸಂಜೆಯ ರೈಲಿಗೆ ಕೊಟ್ಟರೆ ಸೋಮವಾರದ ಬಸ್ಸಿಗೆ ಸಿಗಬಹುದು ಅಂತ ಗುಮಾಸ್ತ ಹೇಳಿದ. ಸಿಗಬಹುದು ಅಂದ, ಸಿಗುತ್ತದೆ ಅನ್ನಲಿಲ್ಲ. ವಿಳಾಸ ಮಾತ್ರ ನಾನೇ ಯೋಚಿಸಿ ಬರೆದಿದ್ದೇನೆ. ಗುಮಾಸ್ತನಿಗೆ ಅನುಮಾನ ಬರಲಿಲ್ಲ. ಸಿ ತಿಜಾನಿ, ನೀವು ನಿಯಮದ ಮನುಷ್ಯ. ಉಳಿದದ್ದು ನಿಮ್ಮ ಕೈಯಲ್ಲಿದೆ.

ನಜೀಹಾ

*

ತೂನಿಸ್
8 ಜೂನ್ 1979

ಅತ್ತೆ,

ಮೂರು ವಾರ ಆಯಿತು. ಕಾಗದ ಇಲ್ಲ. ದಿನಾ ಗೇಟಿನ ಹತ್ತಿರ ನಿಂತು ನಿಂತು ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾನೆ. ತಂತಿ ಕೊಡಬಹುದಿತ್ತು, ಕೊಡಲಿಲ್ಲ. ಉತ್ತರ ಎರಡೇ ಮಾತಿನಲ್ಲಿ ಬಂದುಬಿಟ್ಟರೆ ಅಂತ ಭಯ. ಪರೀಕ್ಷೆ ಮುಗಿಯಿತು. ಏನು ಬರೆದೆನೋ ನೆನಪಿಲ್ಲ.

ನಿಂತಿದ್ದಾಳಾ?

ನಜೀಹಾ

*

ಐನ್ ತರ್ಫಾ
14 ಜೂನ್ 1979

ನನ್ನ ಮುಳ್ಳಿನ ಮಗಳೇ,

ನಿಂತಿದಾಳೆ.

ಯಾಕೆ ಬರೆಸಲಿಲ್ಲ ಅಂತ ಕೇಳ್ತೀಯಾ. ಮಕ್ಕಳು ಕಂಡ ದಿನವೇ ಬರೆಸು ಅಂದಿದ್ದೆಯಲ್ಲ. ಹೋದ ಸಲ ಸುಳ್ಳು ಸುದ್ದಿ ಬರೆಸಿದೆ, ಈ ಸಲ ಕಣ್ಣಾರೆ ಕಂಡ ಮೇಲೇ ಅಂತ ಹಟ ಹಿಡಿದೆ. ತಿಜಾನಿ ದಿನಾ ಪೆನ್ನು ಹಿಡಿದು ಬರ್ತಿದ್ದ, ವಾಪಸ್ ಕಳಿಸ್ತಿದ್ದೆ. ಇವತ್ತು ಬೆಳಿಗ್ಗೆ ಕಂಡ್ವು. ಏನು ಚೆಂದ ಇದಾವೆ ಅಂತೀಯಾ! ಮೈಯೆಲ್ಲ ಮುಳ್ಳು, ಮಣ್ಣಿನ ಬಣ್ಣ, ಮುಖವೇ ಇಲ್ಲ. ದೃಷ್ಟಿ ತೆಗೆದೆ.

ಆ ಸೋಮವಾರದ ಕತೆ ಹೇಳ್ತೀನಿ ಕೇಳು. ಬೂಬಕ್ಕರ ಆಗಲೇ ಏಣಿ ಹತ್ತಿದ್ದ, ಕೈಲಿ ಕುಡುಗೋಲು. ಕೆಳಗೆ ಹಶ್ಮಿ ಮಡಕೆ ಹಿಡಿದು ನಿಂತಿದ್ದ. ನಾನು ಮನೆ ಒಳಗೇ ಇರಬೇಕು ಅಂದ್ಕೊಂಡಿದ್ದೆ, ಕಾಲು ಕೇಳಲಿಲ್ಲ, ಬಂದು ಬೇಲಿ ಹತ್ರ ನಿಂತೆ. ಅಷ್ಟರಲ್ಲಿ ಕಾಲುವೆ ದಾಟಿ ತಿಜಾನಿ ಬಂದ. ಓಡಿ ಬಂದ. (ಓಡಿದೆ.) ಟೋಪಿ ಹಾಕಿದ್ದ, ಕೋಟಿನ ಗುಂಡಿ ಎಲ್ಲ ಹಾಕಿದ್ದ. ಎದೆಗೆ ಬಿಸ್ಕತ್ತಿನ ಡಬ್ಬಿ ಅವುಚಿಕೊಂಡಿದ್ದ.

"ಇಳಿಯಯ್ಯ ಕೆಳಗೆ! ಆಕೆಗೆ ರಿಜಿಸ್ಟರ್ಡ್ ಬಂದಿದೆ!"

"ಯಾರಿಗೆ?" ಅಂದ ಬೂಬಕ್ಕರ.

"ನೀನು ಯಾರ ತಲೆ ಹತ್ರ ಕುಡುಗೋಲು ಹಿಡಿದಿದೀಯೋ ಆಕೆಗೆ." ವಿಳಾಸ ಜೋರಾಗಿ ಓದಿದ. "ಶ್ರೀಮತಿ ಅರೂಸಾ, ಕಾಲುವೆ ಪಕ್ಕದ ಮೂರನೇ ಸಾಲು, ಐನ್ ತರ್ಫಾ."

ಹಶ್ಮಿ ನಕ್ಕ. "ತಿಜಾನಿ, ಬಿಸಿಲು ತಲೆಗೇರಿದೆಯಾ? ಅದು ಮರ ಕಣಯ್ಯ!"

"ಮರವೋ ಮನುಷ್ಯಳೋ ನೋಡೋದು ನನ್ನ ಕೆಲಸ ಅಲ್ಲ. ಹೆಸರಿದೆ, ವಿಳಾಸ ಇದೆ, ವಿಳಾಸದಲ್ಲಿ ವಿಳಾಸದಾರರು ಇದಾರೆ, ಉಸಿರಾಡ್ತಿದಾರೆ. ಟಪಾಲು ಅವರ ಕೈ ಸೇರೋ ತನಕ ಅವರ ಕೂದಲು ಕೊಂಕಬಾರದು."

"ಹಂಗಾದ್ರೆ ಸಹಿ ಹಾಕಿಸ್ಕೋ! ಹಾಕತ್ತಾ ನಿನ್ನ ಶ್ರೀಮತಿ?"

ಆಗ ಈ ತಿಜಾನಿ ಏನಂದ ಗೊತ್ತಾ? ನನ್ನ ಕಡೆ ಕೈ ತೋರಿಸಿ, ಮೆತ್ತಗೆ, "ಸಹಿ ನಿನ್ನ ಅಕ್ಕನಿಗೂ ಬರಲ್ಲ ಹಶ್ಮಿ. ಹಣ್ಣೂ ಬಿಡಲಿಲ್ಲ ಆಕೆ. ಆಕೆ ತಲೇನೂ ಕಡೀತೀಯಾ?" ಅಂದ.

ಹಶ್ಮಿ ನನ್ನ ಮುಖ ನೋಡಲಿಲ್ಲ. ಮಡಕೇನ ಮೆಲ್ಲಗೆ ನೆಲಕ್ಕಿಟ್ಟ. ಆಮೇಲೆ ಏಣಿ ಅಲ್ಲಾಡಿಸಿ, "ಇಳಿಯೋ ಬೂಬಕ್ಕರ್, ಟಪಾಲು ಬಂದಿದೆಯಂತೆ. ಕುಯ್ಲು ಮುಗೀಲಿ, ಆಮೇಲೆ ನೋಡೋಣ" ಅಂದ. ಬೂಬಕ್ಕರ ಇಳಿದು ಚಾ ಕುಡಿದ. ಬಂದವನನ್ನ ಬರಿಗೈಲಿ ಕಳಿಸೋಕಾಗತ್ತಾ? ನಾಲ್ಕು ಮೊಟ್ಟೆ ಕಟ್ಟಿಕೊಟ್ಟೆ.

ಡಬ್ಬಿ ಬಿಚ್ಚಿದ್ರೆ ಗುಲಗಂಜಿಗಳು ದಾರಿ ಕೇಳದೇನೇ ಮೇಲೆ ಹತ್ತಿದ್ವು. ಹುಟ್ಟಿದ ಮನೆ ಅಲ್ವಾ! ಈಗ ಅರೂಸಾಳ ನಡುಗರಿ ಮೂರು ಹಸಿರಾಗಿದೆ. ಹೊಸ ಸುಳೀಲಿ ಬಿಳಿ ಅನ್ನೋದೇ ಇಲ್ಲ. ನಿನ್ನ ಚಿಕ್ಕಪ್ಪನನ್ನ ನೋಡಬೇಕು ನೀನು, ದಿನವಿಡೀ ಕೋಲು ಹಿಡ್ಕೊಂಡು ಕೋಳಿ ಓಡಿಸ್ತಾನೆ. "ನಮ್ಮ ಮಕ್ಕಳನ್ನ ಮುಟ್ಟಿದ್ರೆ ನೋಡು" ಅಂತಾನೆ. ನಮ್ಮ ಮಕ್ಕಳಂತೆ! ಪಕ್ಕದ ತೋಟದವರು ತಮಗೂ ಕೊಡಿ ಅಂತ ಬಂದಿದಾರೆ. ರಜಕ್ಕೆ ಬರೋವಾಗ ನಿಮ್ಮ ಮೇಡಮ್ಮನ್ನೂ ಕರ್ಕೊಂಡು ಬಾ.

ಇದರ ಜೊತೆ ಬ್ಸೀಸಾ ಕಳಿಸ್ತಿದೀನಿ. ಸಿಹೆಮ್‌ಗೂ ಕೊಡು. ಕಿರುಚಿ ಉಪಕಾರ ಮಾಡಿದ ಹುಡುಗಿ.

(ರಿಜಿಸ್ಟರ್ಡ್ ಟಪಾಲಿನ ರಸೀದಿಯನ್ನು ಕಳುಹಿಸಿದವರಿಗೆ ಹಿಂತಿರುಗಿಸಬೇಕೆಂಬುದು ನಿಯಮ. ನಿನ್ನ ಅತ್ತೆ ಕೊಡಲೊಲ್ಲದೆ ಇಷ್ಟು ದಿನ ದಿಂಬಿನಡಿ ಇಟ್ಟುಕೊಂಡಿದ್ದಳು. ಇದರೊಂದಿಗೆ ಲಗತ್ತಿಸಿದ್ದೇನೆ. ಸಾಕ್ಷಿಯ ಜಾಗದಲ್ಲಿರುವ ವಕ್ರ ಸಹಿ ಹಶ್ಮಿಯದು. ಸ್ವೀಕರಿಸಿದವರ ಜಾಗ ಖಾಲಿಯಲ್ಲ. ಕಾಗದವನ್ನು ಅರೂಸಾಳ ಗರಿಗೆ ಒತ್ತಿ ಹಿಡಿದೆವು, ಮುಳ್ಳು ತೂರಿತು. ಬೆಳಕಿಗೆ ಹಿಡಿದರೆ ಕಾಣುತ್ತದೆ.)